ಗೇಟು ದಾಟಿದರೆ ಸಾಕೇ?

ಸಾಕೇತ್ ಚೌಧರಿ ನಿರ್ದೇಶನದ ‘ಹಿಂದಿ ಮೀಡಿಯಂ’ 2017ರಲ್ಲಿ ತೆರೆಕಂಡಾಗ ಜನ ಮೆಚ್ಚಿ ನೋಡಿದರು. ಇರ್ಫಾನ್ ಖಾನ್ ಮತ್ತು ಸಬಾ ಕಮರ್ ಅವರ ಸಹಜ ಅಭಿನಯ ಅದಕ್ಕೊಂದು ಕಾರಣ. ಮಗುವಿಗೆ ದೊಡ್ಡ ಶಾಲೆಯಲ್ಲೊಂದು ಸೀಟು ಸಿಗಲೆಂದು ತಂದೆತಾಯಿ ಪಡುವ ಪಾಡು ನಮ್ಮ ಮನೆಮನೆಯ ಕಥೆಯೂ ಆಗಿದ್ದುದು ಮತ್ತೊಂದು ಕಾರಣ. ಆದರೆ ನಕ್ಕು ಹಗುರಾದ ಮೇಲೂ ಈ ಚಿತ್ರ ಕೇಳದೆ ಬಿಟ್ಟ ಒಂದು ಪ್ರಶ್ನೆ ಉಳಿದುಬಿಡುತ್ತದೆ.

ದಿಲ್ಲಿಯ ಚಾಂದನಿ ಚೌಕದ ಬಟ್ಟೆ ವ್ಯಾಪಾರಿ ರಾಜ್ ಬಾತ್ರಾನಲ್ಲಿ ಹಣವಿದೆ, ಇಂಗ್ಲಿಷ್ ಇಲ್ಲ. ಮಗಳನ್ನು ದೊಡ್ಡ ಶಾಲೆಗೆ ಸೇರಿಸಲಾಗದೆ ಸೋತ ದಂಪತಿ, ಶಿಕ್ಷಣ ಹಕ್ಕು ಕಾಯ್ದೆಯಡಿ ಬಡ ಮಕ್ಕಳಿಗೆ ಮೀಸಲಾದ ಶೇ. 25 ಸೀಟುಗಳ ಮೇಲೆ ಕಣ್ಣಿಡುತ್ತಾರೆ. ಬಡವರ ಓಣಿಗೆ ಹೋಗಿ ಬಡವರಂತೆ ನಟಿಸುತ್ತಾರೆ. ನೆರೆಯ ಶ್ಯಾಮ್ ಪ್ರಕಾಶ್ ಜೀವವನ್ನೇ ಪಣಕ್ಕಿಟ್ಟು ಅವರಿಗೆ ನೆರವಾಗುತ್ತಾನೆ. ಲಾಟರಿಯಲ್ಲಿ ಸೀಟು ಬರುವುದು ಮಾತ್ರ ಬಾತ್ರಾನ ಮಗಳಿಗೆ. ಶ್ಯಾಮನ ಮಗ ಮೋಹನನಿಗೆ ಸರಕಾರಿ ಶಾಲೆಯೇ ಗತಿ. ಮನಸ್ಸು ಚುಚ್ಚಿದ ಬಾತ್ರಾ ಆ ಶಾಲೆಗೆ ಹಣ ಕೊಡುತ್ತಾನೆ. ಕೊನೆಗೆ ಮಗಳನ್ನೂ ಅಲ್ಲಿಗೇ ಸೇರಿಸುತ್ತಾನೆ.

ಕಥೆ ಬರೆಯುವವರಾದ ನಮಗೆ ಇಲ್ಲಿ ಎರಡು ತಕರಾರುಗಳಿವೆ. ಒಂದು, ಶ್ಯಾಮನಿಗೆ ಒಳ್ಳೆಯತನ ಬಿಟ್ಟರೆ ಬೇರೆ ಬದುಕೇ ಇಲ್ಲ. ಅವನ ಕಷ್ಟವೆಲ್ಲ ಉಳ್ಳವನ ಮನಪರಿವರ್ತನೆಗೆ ಮೆಟ್ಟಿಲಾಗುತ್ತದೆ. ಎರಡನೆಯದು ಇನ್ನೂ ಮುಖ್ಯವಾದುದು. ಚಿತ್ರ ಅನ್ಯಾಯವನ್ನು ಶಾಲೆಯ ಗೇಟಿನ ಬಳಿ ಮಾತ್ರ ಕಾಣುತ್ತದೆ. ಯಾರು ಒಳಗೆ ಹೋದರು, ಯಾರು ಹೊರಗುಳಿದರು ಎಂಬ ಲೆಕ್ಕದಲ್ಲೇ ಅದು ಮುಗಿಯುತ್ತದೆ. ಒಳಗೆ ಹೋದ ಮಗುವಿಗೆ ಯಾವ ರೀತಿಯ ಪಾಠ ಸಿಗುತ್ತದೆ? ಹೊರಗುಳಿದ ಮೋಹನನಿಗೆ ಸಿಗುವುದೆಂಥದು? ದುಡ್ಡು ಬಂದು, ಶಾಲೆ ದುರಸ್ತಿಯಾಗಿ, ಮಕ್ಕಳು ನಾಲ್ಕು ಮಾತು ಇಂಗ್ಲಿಷ್ ಆಡಿದರೆ ಚಿತ್ರಕ್ಕೆ ಸಮಾಧಾನ.

ಈ ಪ್ರಶ್ನೆಯನ್ನು ಅಮೆರಿಕದ ಶಿಕ್ಷಣ ತಜ್ಞೆ ಜೀನ್ ಆನ್ಯನ್ ಬಹಳ ಹಿಂದೆಯೇ ಎತ್ತಿದ್ದರು. ನ್ಯೂಜೆರ್ಸಿಯ ಐದು ಪ್ರಾಥಮಿಕ ಶಾಲೆಗಳ ಐದನೆಯ ತರಗತಿಗಳಲ್ಲಿ ಕುಳಿತು ನೋಡಿ, 1980ರಲ್ಲಿ ಅವರು ಲೇಖನ ಪ್ರಕಟಿಸಿದರು. ಪಾಠದ ವಿಷಯಗಳಲ್ಲಿ ಸಾಮ್ಯವಿತ್ತು, ಕಲಿಸುವ ಕ್ರಮ ಬೇರೆ ಬೇರೆಯಾಗಿತ್ತು. ಕಾರ್ಮಿಕರ ಮಕ್ಕಳ ಶಾಲೆಯಲ್ಲಿ ಹೇಳಿದ ಹೆಜ್ಜೆಗಳನ್ನು ಹೇಳಿದಂತೆ ಅನುಸರಿಸುವುದೇ ಕಲಿಕೆ. ಅಲ್ಲೊಬ್ಬ ಹುಡುಗಿ ತನಗೆ ಇನ್ನೂ ಬೇಗ ಮಾಡುವ ದಾರಿ ಗೊತ್ತೆಂದಾಗ ಟೀಚರ್ ಅದನ್ನು ಕೇಳಿಸಿಕೊಳ್ಳಲಿಲ್ಲ. ಮಧ್ಯಮ ವರ್ಗದ ಶಾಲೆಯಲ್ಲಿ ಸರಿಯುತ್ತರಕ್ಕೆ ಬೆಲೆ. ದೊಡ್ಡ ಕಂಪೆನಿಗಳ ಅಧಿಕಾರಿಗಳ ಮಕ್ಕಳಿಗಾದರೋ ನಿಯಮವನ್ನು ತಾವೇ ಯೋಚಿಸಿ ಕಂಡುಕೊಳ್ಳುವ ತರಬೇತಿ. ಒಬ್ಬರು ಆಜ್ಞೆ ಪಾಲಿಸಲು, ಇನ್ನೊಬ್ಬರು ಆಜ್ಞೆ ಕೊಡಲು ಹತ್ತು ವರ್ಷಕ್ಕೇ ಸಿದ್ಧರಾಗುತ್ತಿದ್ದರು.

ಐದೇ ಶಾಲೆಗಳ ಅಧ್ಯಯನ, ದೇಶವೂ ಬೇರೆ ನಿಜ. ಆದರೆ ನಮ್ಮೂರ ಶಾಲೆಗಳಲ್ಲಿ ಬೋರ್ಡಿನ ಮೇಲಿನದನ್ನು ನಕಲು ಮಾಡಿ, ಒಟ್ಟಾಗಿ ಕೂಗಿ ಒಪ್ಪಿಸುವ ಮಕ್ಕಳು ಯಾರ ಮಕ್ಕಳು ಎಂದು ನೋಡಿದರೆ ಆ ಮಾತು ದೂರದ್ದೆನಿಸುವುದಿಲ್ಲ.

ಗೇಟನ್ನೇ ನಂಬಿದರೆ ಏನಾಗುತ್ತದೆಂಬುದಕ್ಕೆ ನಮ್ಮ ರಾಜ್ಯವೇ ಸಾಕ್ಷಿ. 2019ರಲ್ಲಿ ಕರ್ನಾಟಕ ಸರಕಾರ ನಿಯಮ ತಿದ್ದಿ, ಸಮೀಪದಲ್ಲಿ ಸರಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಅಲ್ಲಿನ ಖಾಸಗಿ ಶಾಲೆಗಳಲ್ಲಿ ಈ ಕೋಟಾದ ಪ್ರವೇಶ ಬೇಡವೆಂದಿತು. ಸೀಟುಗಳು ಆ ವರ್ಷವೇ ಬಹುಪಾಲು ಕರಗಿದವು. ಗೇಟು ತೆರೆದಿರಬೇಕೆಂದು ಕೇಳುವುದು ನ್ಯಾಯವೇ. ಆದರೆ ಅದು ಮುಚ್ಚಿದಾಗ ಮೋಹನನಂಥವರಿಗೆ ಉಳಿಯುವುದು ಅದೇ ಸರಕಾರಿ ಶಾಲೆ, ಅದೇ ಪಾಠ.

ನಮ್ಮ ಸಮುದಾಯದಲ್ಲಂತೂ ಉರ್ದುವೋ ಕನ್ನಡವೋ ಇಂಗ್ಲಿಷೋ ಎಂಬ ಚರ್ಚೆ ಮುಗಿಯುವುದೇ ಇಲ್ಲ. ಎರಡು ಭಾಷೆಗಳ ಶಾಲೆಗಳನ್ನು ಕಂಡ ನಾವು ಹೇಳಬಹುದಾದದ್ದು ಇಷ್ಟೆ: ಯಾವ ಭಾಷೆಯಲ್ಲೂ ಮಗುವನ್ನು ಬರೀ ಬಾಯಿಪಾಠದ ಯಂತ್ರವಾಗಿಸಬಹುದು, ಯಾವ ಭಾಷೆಯಲ್ಲೂ ಅದಕ್ಕೆ ಪ್ರಶ್ನೆ ಕೇಳಲು ಕಲಿಸಬಹುದು. ಶಾಲಾಭಿವೃದ್ಧಿ ಸಮಿತಿಯ ಸಭೆಗೆ ಹೋಗುವ ತಂದೆತಾಯಿಯರು ಕಟ್ಟಡ, ಶೌಚಾಲಯ, ಬಿಸಿಯೂಟದ ಬಗ್ಗೆ ಕೇಳುತ್ತಾರೆ, ಕೇಳಲೇಬೇಕು. ಜೊತೆಗೆ, ತಮ್ಮ ಮಗು ತರಗತಿಯಲ್ಲಿ ಬೇರೆ ದಾರಿಯೊಂದನ್ನು ತೋರಿಸಿದರೆ ಮೇಷ್ಟ್ರು ಏನು ಮಾಡುತ್ತಾರೆಂಬುದನ್ನೂ ಕೇಳಲಿ. ಅದನ್ನು ಕೇಳಲು ಬಾತ್ರಾನ ದುಡ್ಡು ಬೇಕಿಲ್ಲ.