ಸಂಕಲನದ ಪರದೆಯೂ ಆಕರವಿಮರ್ಶೆಯೂ

ವಿಡಿಯೋ ಸಂಕಲನದ ತಂತ್ರಾಂಶಗಳಲ್ಲಿ ಕೆಲಸದ ಪರದೆಯನ್ನು ತಮತಮಗೆ ಒಪ್ಪುವಂತೆ ಅಣಿಮಾಡಿಕೊಳ್ಳುವ ಸೌಕರ್ಯವುಂಟಷ್ಟೆ. ಅದನ್ನು ಕುರಿತು ಕೈಪಿಡಿಗಳು ಬೋಧಿಸುವ ಪ್ರಯೋಜನವು ಮುಖ್ಯವಾಗಿ ಒಂದೇ, ಅದು ವೇಗ. ಜಾಹೀರಾತಿನ ಕೆಲಸಕ್ಕೆ ಈ ಬೋಧೆ ಸಲ್ಲಬಹುದು. ಕ್ಷೇತ್ರಕಾರ್ಯದ ದೃಶ್ಯಮುದ್ರಿಕೆಗಳನ್ನು ಆಕರಗಳಾಗಿ ಬಳಸುವ ಇತಿಹಾಸದ ವಿದ್ಯಾರ್ಥಿಗಾದರೋ ಅದು ಸಾಲದು. ಒಮ್ಮೊಮ್ಮೆ ಹಾನಿಕರವೂ ಆದೀತು. ಪರದೆಯ ಮೇಲೆ ದೊಡ್ಡದಾಗಿ ಕಂಡುದನ್ನೇ ಸಂಕಲನಕಾರನು ಮುಖ್ಯವೆಂದು ಎಣಿಸುವನು. ಆದಕಾರಣ ಪರದೆಯ ವಿನ್ಯಾಸವನ್ನೂ ಆಕರವಿಮರ್ಶೆಯ ಒಂದು ಅಂಗವೆಂದೇ ಪರಿಗಣಿಸತಕ್ಕದ್ದೆಂಬುದು ನಮ್ಮ ಅಭಿಪ್ರಾಯ.

ಸಮೀಪದ ನಿದರ್ಶನವೊಂದನ್ನು ತೆಗೆದುಕೊಳ್ಳೋಣ. ಹುಲಿಕುಂಟೆಯನ್ನೊಳಗೊಂಡ ಶಿರಾ ಸೀಮೆಯಲ್ಲಿ ಕಾಡುಗೊಲ್ಲರ ಹಟ್ಟಿಗಳು ಅನೇಕ. ಅವರ ಸಾಂಸ್ಕೃತಿಕ ವೀರನಾದ ಜುಂಜಪ್ಪನ ಕಾವ್ಯವನ್ನು ಗಣೆಯೆಂಬ ನೀಳವಾದ ಬಿದಿರಿನ ಕೊಳಲಿನೊಡನೆ ಹಾಡುವ ಸಂಪ್ರದಾಯವುಂಟು. ಇಂಥ ಹಾಡಿಕೆಯ ಮುದ್ರಿಕೆಯನ್ನು ಅಡೋಬಿ ಪ್ರೀಮಿಯರ್‌ನ ‘ಎಡಿಟಿಂಗ್’ ಎಂಬ ಸಿದ್ಧ ವರ್ಕ್‌ಸ್ಪೇಸಿನಲ್ಲಿ ತೆರೆದರೆ ಕಾಣುವುದೇನು? ಮೇಲೆ ಚಿತ್ರವನ್ನು ತೋರುವ ಎರಡು ಮಾನಿಟರುಗಳು; ಕೆಳಗೆ ಟೈಮ್‌ಲೈನ್; ಅದರೊಳಗೆ ಧ್ವನಿಗೆ ದೊರೆತಿರುವುದು ಇಕ್ಕಟ್ಟಾದ ಓಣಿಗಳು. ಗಣೆಯ ಮೆಲುದನಿ, ಹಾಡುಗಾರನು ಉಸಿರು ತೆಗೆದುಕೊಳ್ಳುವ ಎಡೆ, ಕೇಳುಗರು ಹೂಂಗುಟ್ಟುವುದು, ಇವೆಲ್ಲ ಅಲ್ಲಿ ಬರಿಯ ನೇರಗೆರೆಯಂತೆ ತೋರುವುವು. ಕಣ್ಣು ಅದನ್ನು ಖಾಲಿಯೆಂದು ಗ್ರಹಿಸುತ್ತದೆ, ಕೈ ಕತ್ತರಿಸಿಬಿಡುತ್ತದೆ. ಉಳಿಯುವುದು ಕಾವ್ಯದ ಮಾತು ಮಾತ್ರ. ಅದನ್ನು ಹಾಡಿದ ಸಂದರ್ಭವು ಕಳೆದುಹೋಗುತ್ತದೆ. ಮೌಖಿಕ ಪರಂಪರೆಯ ಅಭ್ಯಾಸಿಗೆ ಇದು ಅಲ್ಪನಷ್ಟವಲ್ಲ.

ಹಿಂದಿನ ಸಂಕಲನದ ಮೇಜು ಈ ವಿಷಯದಲ್ಲಿ ಹೆಚ್ಚು ನ್ಯಾಯವಾಗಿತ್ತೆನ್ನಬೇಕು. ಸ್ಟೀನ್‌ಬೆಕ್ ಮೊದಲಾದ ಯಂತ್ರಗಳ ಮೇಲೆ ಚಿತ್ರದ ಫಿಲ್ಮೂ ಧ್ವನಿಯ ಕಾಂತಪಟ್ಟಿಯೂ ಒಂದೇ ಅಗಲದವಾಗಿ ಅಕ್ಕಪಕ್ಕದಲ್ಲಿ ಓಡುತ್ತಿದ್ದುವು. ಮೌನವನ್ನು ತೆಗೆಯಬೇಕಾದರೂ ಅಷ್ಟು ಗೇಣು ಪಟ್ಟಿಯನ್ನು ಕೈಯಲ್ಲಿ ಹಿಡಿದು ಕತ್ತರಿಸಬೇಕಿತ್ತು. ಆ ಭಾರವು ಇಂದಿನ ಪರದೆಯಲ್ಲಿಲ್ಲ.

ಪರಿಹಾರವು ತಂತ್ರಾಂಶದೊಳಗೇ ಇದೆ. ಸೋರ್ಸ್ ಮಾನಿಟರನ್ನು ಕುಗ್ಗಿಸಿ, ಧ್ವನಿಯ ಓಣಿಗಳ ಅಂಚನ್ನು ಎಳೆದು ಎತ್ತರಿಸಿದರೆ ತರಂಗರೇಖೆಗಳು ಸ್ಪಷ್ಟವಾಗುತ್ತವೆ. ಮಾರ್ಕರುಗಳ ಪ್ಯಾನೆಲ್ಲನ್ನು ಪಕ್ಕಕ್ಕೆ ತಂದಿಟ್ಟು ಹಾಡಿನ ಭಾಗಗಳನ್ನು ಗುರುತಿಸಬಹುದು. ಈ ವಿನ್ಯಾಸವನ್ನು ಹೊಸ ಹೆಸರಿನಿಂದ ಉಳಿಸಿಟ್ಟರೆ, ಯಾರಾದರೂ ಕಲಕಿದಾಗ ಉಳಿಸಿದ ಸ್ಥಿತಿಗೆ ಮರಳಿಸುವ ಆಜ್ಞೆಯೂ ಉಂಟು.

ಆದರೆ ಹಲವರು ಬಳಸುವ ಕಾಲೇಜಿನ ಗಣಕದಲ್ಲಿ ಈ ಸ್ವಾತಂತ್ರ್ಯವೇ ತೊಡಕಾಗುತ್ತದೆ. ಪ್ರೀಮಿಯರ್‌ನ ಮೆನುಗಳು ಕನ್ನಡದಲ್ಲಿ ದೊರೆಯುವುದಿಲ್ಲ. ನಮ್ಮ ಗ್ರಾಮಾಂತರದ ವಿದ್ಯಾರ್ಥಿಗಳು ಪ್ಯಾನೆಲ್ಲುಗಳನ್ನು ಹೆಸರಿನಿಂದಲ್ಲ, ಇದ್ದ ಎಡೆಯಿಂದ ನೆನಪಿಡುತ್ತಾರೆ. ಎಡೆ ಬದಲಾದರೆ ಕಲಿತದ್ದೂ ಹೋಯಿತು. ಎಡಿಟ್, ಕಲರ್, ಫೇರ್‌ಲೈಟ್ ಎಂದು ಕೆಲಸಕ್ಕೊಂದು ಪುಟವನ್ನು ಗೊತ್ತುಮಾಡಿರುವ ಡಾವಿಂಚಿ ರಿಸಾಲ್ವ್‌ನಲ್ಲಿ ಪ್ಯಾನೆಲ್ಲುಗಳಿಗೆ ಇಷ್ಟು ಸಂಚಾರವಿಲ್ಲ. ವೃತ್ತಿಪರರು ಅದನ್ನು ಕೊರತೆಯೆಂದಾರು. ತರಗತಿಗೆ ಅದು ಗುಣವೇ. ಧ್ವನಿಗೆಂದೇ ಒಂದು ಪುಟವನ್ನು 2017ರ ಆವೃತ್ತಿಯಿಂದ ಅದು ಒದಗಿಸಿರುವುದೂ ಗಮನಾರ್ಹ. ಪ್ರೀಮಿಯರನ್ನೇ ಬಳಸುವ ಪಕ್ಷದಲ್ಲಿ, ಪ್ರಾಜೆಕ್ಟಿನೊಡನೆ ಅದರ ವಿನ್ಯಾಸವನ್ನೂ ತೆರೆಯುವ ಆಯ್ಕೆಯಿರುವುದರಿಂದ, ಅಧ್ಯಾಪಕರು ಒಂದು ಮಾದರಿ ಪ್ರಾಜೆಕ್ಟನ್ನು ಸಿದ್ಧಪಡಿಸಿ ಎಲ್ಲರಿಗೂ ಹಂಚುವುದು ಲೇಸು.

ಇನ್ನು ಕೀಲಿಮಣೆ. ಪ್ರೀಮಿಯರ್‌ನ ಸಿದ್ಧ ವ್ಯವಸ್ಥೆಯಲ್ಲಿ ‘ಕ್ಯೂ’ ಒತ್ತಿದರೆ ಹಿಂದಿನ ಕತ್ತರಿಯಿಂದ ಆಡುಗೆರೆಯವರೆಗಿನ ಭಾಗವೂ, ‘ಡಬ್ಲ್ಯು’ ಒತ್ತಿದರೆ ಅಲ್ಲಿಂದ ಮುಂದಿನ ಕತ್ತರಿಯವರೆಗಿನ ಭಾಗವೂ ಮಾಯವಾಗಿ, ತೆರವು ತಾನೇ ಮುಚ್ಚಿಕೊಳ್ಳುತ್ತದೆ. ತೆಗೆದುದರ ಗುರುತೂ ಟೈಮ್‌ಲೈನಿನಲ್ಲಿ ಕಾಣದು. ಕಂಟ್ರೋಲ್, ಆಲ್ಟ್, ಕೆ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ವಿಂಡೋಸ್ ಗಣಕದಲ್ಲಿ ಈ ಕೀಲಿಗಳ ಪಟ್ಟಿ ತೆರೆಯುವುದು. ಮೌಖಿಕ ಆಕರಗಳ ಸಂಕಲನಕ್ಕೆ ಮೀಸಲಾದ ವಿನ್ಯಾಸದಲ್ಲಿ ಈ ಎರಡು ಕೀಲಿಗಳನ್ನು ಆ ಪಟ್ಟಿಯಿಂದ ಬಿಡಿಸಿ, ‘ಎಂ’ ಕೀಲಿಯ ಮಾರ್ಕರನ್ನು ಮಾತ್ರ ಕೈಗೆ ಹತ್ತಿರ ಉಳಿಸಿಕೊಳ್ಳಬೇಕೆಂದು ಸೂಚಿಸುತ್ತೇವೆ. ಕೆಲಸ ನಿಧಾನವಾದೀತು, ನಾವು ಬಯಸುವುದೂ ಅದನ್ನೇ.