ಬೈಟು ತೂಗುವ ವರ್‌ಡಂಪ್

ಫಾರಂನಲ್ಲಿ ಮಾತೃಭಾಷೆ ‘ಕನ್ನಡ’ ಎಂದು ತುಂಬಿದ್ದ ಒಬ್ಬರು ಹುಡುಕಾಟದಲ್ಲಿ ಸಿಗುತ್ತಲೇ ಇರಲಿಲ್ಲ. ಎಕೋ ಹಾಕಿ ನೋಡಿದೆ. ಪರದೆಯ ಮೇಲೆ ‘ಕನ್ನಡ’ ಎಂದೇ ಬಂತು, ಕಣ್ಣಿಗೆ ಒಂದಿಷ್ಟೂ ಊನವಿಲ್ಲ. ಇಂಥ ಹೊತ್ತಿನಲ್ಲೇ ಪಿಎಚ್‌ಪಿಯ ವರ್‌ಡಂಪ್‌ಗೆ ನಾನು ಮನಸೋಲುವುದು. ಅದು ಬಂದದ್ದನ್ನು ಬರೀ ತೋರಿಸುವುದಿಲ್ಲ, ತೂಗಿ ಹೇಳುತ್ತದೆ: ಸ್ಟ್ರಿಂಗ್, ಆವರಣದೊಳಗೆ 18.

ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟು. ಕ, ನ, ಹಲಂತ, ಇನ್ನೊಂದು ನ, ಡ. ಐದು ಮೂರ್ಲಿ ಹದಿನೈದು. 16 ಬಂದಿದ್ದರೆ ಕೊನೆಯಲ್ಲಿ ಸ್ಪೇಸ್ ಅಂಟಿರಬೇಕೆಂದು ಟ್ರಿಮ್ ಹಾಕಿ ಕೈತೊಳೆದುಕೊಳ್ಳುತ್ತಿದ್ದೆ. ಇಲ್ಲಿ ಹೆಚ್ಚಿದ್ದು ಮೂರು. ಕನ್ನಡ ಟೈಪಿಸುವವರಿಗೆ ಗುಟ್ಟು ಹೊಳೆದಿರುತ್ತದೆ: ಒತ್ತಕ್ಷರ ಬಿಡಿಸಲು ನಾವೇ ಹಾಕುವ ಕಾಣದ ಚಿಹ್ನೆ, ನಾನ್‌ಜಾಯಿನರ್. ಟ್ರಿಮ್ ಅದನ್ನು ಮುಟ್ಟುವುದೂ ಇಲ್ಲ; ಹೆಸರಿಟ್ಟೇ ತೆಗೆಯಬೇಕು.

ವರ್‌ಡಂಪ್ ನೋಡಲು ಚೆಂದವೇನಲ್ಲ. ಪ್ರೀ ಟ್ಯಾಗ್ ಇಲ್ಲದಿದ್ದರೆ ಬ್ರೌಸರಿನಲ್ಲಿ ಎಲ್ಲವೂ ಕಲಸುಮೇಲೋಗರ. ಆದರೂ ಖಾಲಿ ಬಿಟ್ಟ ಪಠ್ಯದ ಕಾಲಂ ಮತ್ತು ಟಿಕ್ ಹಾಕದ ಚೆಕ್‌ಬಾಕ್ಸ್ ಎರಡಕ್ಕೂ ಎಕೋ ಏನನ್ನೂ ಮುದ್ರಿಸದಿದ್ದಾಗ, ಇದು ಮೊದಲನೆಯದಕ್ಕೆ ಸೊನ್ನೆ ಉದ್ದದ ಸ್ಟ್ರಿಂಗ್ ಎನ್ನುತ್ತದೆ, ಸರ್ವರಿಗೆ ಬಂದೇ ಇಲ್ಲದ ಎರಡನೆಯದಕ್ಕೆ ನಲ್.