ಅರ್ಜಿಯೊಳಗಿನ ಎಮ್ಮೆ

ಕಾಲೇಜು ಪ್ರವೇಶದ ಅರ್ಜಿಯ ಜೊತೆ ಬರೆದು ಕೊಡುವ ‘ನನ್ನ ಬಗ್ಗೆ’ ಪ್ರಬಂಧದಲ್ಲಿ ಸಾಕುಪ್ರಾಣಿಯ ವಿಷಯ ಆರಿಸಿಕೊಂಡವರಿಗೆ ಅಚ್ಚು ಮೊದಲೇ ಸಿದ್ಧವಾಗಿರುತ್ತದೆ. ಮೊದಲ ಪ್ಯಾರಾದಲ್ಲಿ ನಾಯಿಮರಿ ಮನೆಗೆ ಬರುತ್ತದೆ. ಎರಡನೆಯದರಲ್ಲಿ ಕಾಯಿಲೆ ಬೀಳುತ್ತದೆ. ಮೂರನೆಯದರಲ್ಲಿ ಬರೆಯುವವರು ರಾತ್ರಿಯಿಡೀ ಎಚ್ಚರವಿರುತ್ತಾರೆ. ಆಮೇಲೆ ನಾಯಿ ಬದುಕಿದರೂ ಸತ್ತರೂ ಒಂದೇ. ತಾಳ್ಮೆ, ಕರುಣೆ, ಜವಾಬ್ದಾರಿ ಎಂಬ ಮೂರು ಗುಣಗಳು ಬರೆದವರ ಖಾತೆಗೆ ಜಮಾ ಆಗುತ್ತವೆ. ನಾಯಿಯ ಕೆಲಸ ಅಲ್ಲಿಗೆ ಮುಗಿಯಿತು.

ಇದನ್ನು ಅಮೆರಿಕದಿಂದ ಬಂದ ರೋಗವೆಂದು ಬೈಯುವ ಮೊದಲು ನಮ್ಮ ಶಾಲೆಯ ಪ್ರಬಂಧವನ್ನು ನೆನೆಯಬೇಕು. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ. ಹಸು ಸಾಧು ಪ್ರಾಣಿ, ಅದಕ್ಕೆ ನಾಲ್ಕು ಕಾಲು, ಎರಡು ಕೊಂಬು. ಕನ್ನಡ ಮಾಸ್ತರರ ಕೆಂಪು ಶಾಯಿಗೆ ಹೆದರಿ ಬರೆದ ಆ ಪ್ರಬಂಧದಲ್ಲಿ ಕೊನೆಗೆ ಹಸುವಿನ ಕಾಲುಗಳನ್ನಾದರೂ ಎಣಿಸುತ್ತಿದ್ದರು. ಅರ್ಜಿಯ ಪ್ರಬಂಧದಲ್ಲಿ ಅಷ್ಟೂ ಇರುವುದಿಲ್ಲ.

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಬಹುಪಾಲು ಮಕ್ಕಳಿಗೆ ಇಂಥ ಪ್ರಬಂಧ ಬರೆಯುವ ಪ್ರಸಂಗವೇ ಬರುವುದಿಲ್ಲ. ಅವರ ಹಣೆಬರಹವನ್ನು ಪಿಯುಸಿ ಅಂಕ, ಸಿಇಟಿ ರ‍್ಯಾಂಕ್, ನೀಟ್ ತೀರ್ಮಾನಿಸುತ್ತವೆ. ನೀನು ಯಾರು ಎಂದು ಅವು ಕೇಳುವುದಿಲ್ಲ. ಆ ಪ್ರಶ್ನೆ ಎದುರಾಗುವುದು ಸೋನಿಪತ್‌ನ ಅಶೋಕ ವಿಶ್ವವಿದ್ಯಾಲಯದಂಥ ಖಾಸಗಿ ಸಂಸ್ಥೆಗಳ ಕಡೆಗೋ, ‘ಕಾಮನ್ ಆ್ಯಪ್’ ಎಂಬ ಒಂದೇ ಅರ್ಜಿಯಲ್ಲಿ ಸಾವಿರಕ್ಕೂ ಮಿಕ್ಕಿದ ಕಾಲೇಜುಗಳನ್ನು ತಟ್ಟಬಹುದಾದ ಅಮೆರಿಕದ ಕಡೆಗೋ ಹೊರಟ ಬೆರಳೆಣಿಕೆಯ ಮಕ್ಕಳಿಗೆ. ಕಾಮನ್ ಆ್ಯಪ್‌ನಲ್ಲಿ 250ರಿಂದ 650 ಪದಗಳೊಳಗೆ ತನ್ನನ್ನು ತಾನು ಹೇಳಿಕೊಳ್ಳಬೇಕು.

ಈ ಪದ್ಧತಿಯ ಹುಟ್ಟು ಅಷ್ಟೇನೂ ಶುಭ್ರವಾದುದಲ್ಲ. 1920ರ ದಶಕದಲ್ಲಿ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ಗಳಲ್ಲಿ ಪರೀಕ್ಷೆಯ ಅಂಕದಲ್ಲಿ ಮುಂದಿದ್ದ ಯಹೂದಿ ಹುಡುಗರ ಸಂಖ್ಯೆ ಏರತೊಡಗಿದಾಗ, ಅಂಕವೊಂದೇ ಸಾಲದು, ‘ಶೀಲ’ವನ್ನೂ ನೋಡಬೇಕೆಂಬ ವಾದ ಹೊರಟಿತು. ಫೋಟೋ, ಸಂದರ್ಶನ, ಶಿಫಾರಸು ಪತ್ರ, ಕುಟುಂಬದ ವಿವರ ಎಲ್ಲ ಅರ್ಜಿಯೊಳಗೆ ನುಸುಳಿದವು. ಸಮಾಜಶಾಸ್ತ್ರಜ್ಞ ಜೆರೋಮ್ ಕ್ಯಾರಬೆಲ್ ತಮ್ಮ 2005ರ ‘ದಿ ಚೋಸನ್’ ಪುಸ್ತಕದಲ್ಲಿ ಇದನ್ನೆಲ್ಲ ಕಡತಗಳಿಂದ ಎತ್ತಿ ತೋರಿಸಿದ್ದಾರೆ. ಹೊರಗಿಡಲು ಹುಟ್ಟಿದ ಸಾಧನ ಈಗ ಒಳಗೆ ಕರೆಯಲೂ ಬಳಕೆಯಾಗುತ್ತದೆ. 2023ರಲ್ಲಿ ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸಬಾರದೆಂದ ಅಮೆರಿಕದ ಸುಪ್ರೀಂ ಕೋರ್ಟ್, ಜನಾಂಗ ತನ್ನ ಬದುಕನ್ನು ಹೇಗೆ ತಟ್ಟಿತೆಂದು ವಿದ್ಯಾರ್ಥಿ ಪ್ರಬಂಧದಲ್ಲಿ ಬರೆಯಬಹುದೆಂದಿತು. ಆದರೆ ‘ಶೀಲ’ವನ್ನು ಮಂಡಿಸಿ ತೋರಿಸಬೇಕೆಂಬ ಹಳೆಯ ಒತ್ತಡ ಇಳಿದಿಲ್ಲ. ನಾಯಿಯ ಪ್ರಬಂಧದಲ್ಲಿ ಜಮಾ ಆಗುವ ಮೂರು ಗುಣಗಳ ಮೂಲ ಅಲ್ಲಿದೆ.

ನಮ್ಮ ಕಡೆಯ ಮಗುವಿಗೆ ಪ್ರಾಣಿಯೆಂದರೆ ಮೊದಲು ಎಮ್ಮೆ. ಅರ್ಧಚಂದ್ರದಂತೆ ಹಿಂದಕ್ಕೆ ಬಾಗಿ ಹೆಗಲು ಮುಟ್ಟುವ ಕೊಂಬಿನ, ಕಪ್ಪು ಮೈಯ ಎಮ್ಮೆ. ಅಜ್ಜ ಮುತ್ತಜ್ಜರ ಕಾಲದಿಂದ ಕಟ್ಟಿಕೊಂಡು ಬಂದ ಇದಕ್ಕೆ ‘ಧಾರವಾಡಿ’ ಎಂಬ ಪ್ರತ್ಯೇಕ ತಳಿಯಾಗಿ ರಾಷ್ಟ್ರೀಯ ನೋಂದಣಿ ಸಿಕ್ಕಿದ್ದು 2021ರಲ್ಲಿ. ಧಾರವಾಡ ಪೇಡೆಗೆ ಹೆಸರು ತಂದ ಹಾಲು ಇದರದು. ಇಂಥ ಎಮ್ಮೆ ಕಟ್ಟಿದ ಮನೆಯ ಹುಡುಗಿಗೆ ಗೊತ್ತಿರುವುದನ್ನು ನೋಡಿ: ನಸುಕಿನಲ್ಲಿ ಹೆಂಡಿಕಸ ಯಾರು ತೆಗೀಬೇಕು, ಕಣಿಕಿ ಮುಗಿಯುತ್ತ ಬಂದಾಗ ಶೇಂಗಾ ಹೊಟ್ಟಿಗೆ ಯಾರ ಮನೆಗೆ ಹೋಗಬೇಕು, ಹತ್ತಿಕಾಳು ಯಾವಾಗ ತುಟ್ಟಿಯಾಗುತ್ತದೆ, ಕರು ಸತ್ತ ಎಮ್ಮೆ ಸೊರ ಬಿಡದಿದ್ದರೆ ಏನು ಮಾಡಬೇಕು. ಅವ್ವ ತವರಿಗೆ ಹೋದ ದಿನ ಅವಳ ಸೀರೆ ಹೊದ್ದು ಕೂತ ಅಪ್ಪನಿಗೆ ಎಮ್ಮೆ ಹಾಲು ಕೊಟ್ಟಿತೋ, ಒದ್ದಿತೋ ಎಂಬುದೂ ಅವಳಿಗೆ ಗೊತ್ತು. ಆದರೂ ಅರ್ಜಿ ತುಂಬಲು ಕೂತಾಗ ಅವಳ ಕೈ ಹೋಗುವುದು ತಾನು ಎಂದೂ ಸಾಕದ ಲ್ಯಾಬ್ರಡಾರ್ ಕಡೆಗೆ, ಇಲ್ಲವೇ ಮಳೆಯಲ್ಲಿ ನೆನೆದ ಬೀದಿ ಬೆಕ್ಕಿನ ಮರಿಯ ಕಡೆಗೆ. ಹೆಂಡಿ ವಾಸನೆ ಬರುವ ಪ್ರಬಂಧ ಇಂಗ್ಲಿಷಿನಲ್ಲಿ ಓದಿಸಿಕೊಳ್ಳಲಾರದು ಎಂದು ಯಾರೋ ಅವಳಿಗೆ ಹೇಳಿರುತ್ತಾರೆ. ಯಾರೂ ಹೇಳದಿದ್ದರೂ ಮಾದರಿ ಪ್ರಬಂಧಗಳು ಹೇಳಿರುತ್ತವೆ.

ಇದರಿಂದ ಕಳೆದುಹೋಗುವುದು ಕೊಟ್ಟಿಗೆಯ ಚಂದವಲ್ಲ, ಯೋಚನೆ. 2022ರಲ್ಲಿ ಚರ್ಮಗಂಟು ರೋಗ ಉತ್ತರ ಕರ್ನಾಟಕದ ದನಕರುಗಳನ್ನು ಹಿಡಿಯಿತು. ನೊಣ, ಸೊಳ್ಳೆ, ಉಣ್ಣೆಗಳಿಂದ ಹರಡುವ ಈ ವೈರಸ್ ರೋಗ ಆಕಳು, ಎತ್ತುಗಳನ್ನು ಕಾಡುವಷ್ಟು ಎಮ್ಮೆಗಳನ್ನು ಕಾಡುವುದಿಲ್ಲ. ಒಂದೇ ಗ್ವಾದಲಿಯಲ್ಲಿ ಮೇಯುವ ಆಕಳಿಗೆ ಮೈತುಂಬ ಗಂಟೆದ್ದು ಪಕ್ಕದ ಎಮ್ಮೆ ಆರಾಮಿದ್ದುದನ್ನು ಕಂಡ ಹುಡುಗ, ಯಾಕೆ ಹೀಗೆ ಎಂದು ಪಶು ಡಾಕ್ಟರರನ್ನು ಕೇಳಿದ್ದರೆ ಆ ಒಂದು ಪ್ರಶ್ನೆ ಸಾಕು. ‘ನನಗೆ ವಿಜ್ಞಾನದಲ್ಲಿ ಅಪಾರ ಕುತೂಹಲ’ ಎಂದು ಬರೆದುಕೊಳ್ಳುವ ಅಗತ್ಯ ಅವನಿಗಿಲ್ಲ. ಕೋಚಿಂಗಿನ ಕೈಗೆ ಸಿಕ್ಕ ಪ್ರಬಂಧದಲ್ಲಿ ಇಂಥ ಪ್ರಶ್ನೆ ತೆಗೆದು ಕುತೂಹಲವೆಂಬ ಪದ ಉಳಿಸುತ್ತಾರೆ.

ಎಮ್ಮೆಯಾದರೂ ಹೇಗೋ ಒಳಗೆ ಬಂದೀತು, ಆಡಿನ ಪಾಡು ಕಷ್ಟ. ಶಿರಹಟ್ಟಿ, ಮುಂಡರಗಿಯ ಹಳ್ಳಿಗಳಲ್ಲಿ ಆಡು ಸಾಕುವವರಲ್ಲಿ ಭೂಮಿಯಿಲ್ಲದವರು, ಒಂಟಿ ಹೆಂಗಸರು ಬಹಳ. ಆಡು ಅವರ ಬ್ಯಾಂಕು. ಬೇರೆಯವರ ಆಡನ್ನು ಪಾಲಿಗೆ ಸಾಕಿ ಮರಿಗಳನ್ನು ಹಂಚಿಕೊಳ್ಳುವ ರೂಢಿಯೂ ಇದೆ. ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ ಹೋತದ ಮರಿ ಕೊನೆಗೆ ಬಕ್ರೀದಿಗೋ, ದ್ಯಾಮವ್ವನ ಜಾತ್ರೆಗೋ, ಸಂತೆಯ ಕಟುಕರಿಗೋ ಹೋಗುತ್ತದೆ. ಆ ದುಡ್ಡಿನಲ್ಲಿ ಕಾಲೇಜಿನ ಫೀಯೂ ಕಟ್ಟಿರಬಹುದು. ಹೆಸರಿಟ್ಟು ಕರೆದ ಪ್ರಾಣಿಯನ್ನು ಮಾರಿ ಓದುತ್ತಿರುವ ಹುಡುಗಿ ಪ್ರಬಂಧದಲ್ಲಿ ಏನು ಬರೆಯಬೇಕು? ಪ್ರೀತಿಸಿದೆ ಎಂದರೆ ಅದು ನಿಜ, ಮಾರಿದೆ ಎಂದರೆ ಅದೂ ನಿಜ. ಅಚ್ಚಿನ ಪ್ರಬಂಧಕ್ಕೆ ಎರಡನ್ನೂ ಒಟ್ಟಿಗೆ ಹಿಡಿಯುವ ಶಕ್ತಿಯಿಲ್ಲ; ಒಂದೋ ಮಾರಾಟವನ್ನು ಮುಚ್ಚುತ್ತದೆ, ಇಲ್ಲವೇ ಅದನ್ನು ಕಣ್ಣೀರಿನ ಕತೆ ಮಾಡಿ ‘ತ್ಯಾಗ’ ಎಂಬ ನಾಲ್ಕನೆಯ ಗುಣವನ್ನು ಗಳಿಸುತ್ತದೆ. ನನ್ನ ದೃಷ್ಟಿಯಲ್ಲಿ ಬಂದ ರೊಕ್ಕ ಎಷ್ಟು, ಅದು ಎಲ್ಲಿ ಹೋಯಿತು, ಮಾರನೆಯ ದಿನ ಯಾವ ಮರಿಗೆ ಹಾಲು ಕುಡಿಸಿದೆ ಎಂದಷ್ಟೇ ಬರೆದ ಪ್ರಬಂಧ ಇವೆರಡಕ್ಕಿಂತ ಮೇಲು. ಓದುವ ಅಧಿಕಾರಿಗೆ ಅದು ಕಸಿವಿಸಿ ತಂದರೆ ತರಲಿ.

ನಮ್ಮ ಸಾಹಿತ್ಯದಲ್ಲಿ ಇದಕ್ಕೆ ದಾರಿ ಇಲ್ಲವೆಂದಲ್ಲ. ತೇಜಸ್ವಿಯವರ ‘ಪರಿಸರದ ಕತೆ’ಯ ಕಿವಿ ಎಂಬ ನಾಯಿ ಲೇಖಕರನ್ನು ಒಳ್ಳೆಯ ಮನುಷ್ಯರನ್ನಾಗಿ ಮಾಡುವ ಯಾವ ಹೊಣೆಯನ್ನೂ ಹೊತ್ತಿಲ್ಲ. ಕಾರಂತರ ‘ಚೋಮನ ದುಡಿ’ಯಲ್ಲಿ (1933) ಚೋಮನಿಗೆ ಎತ್ತುಗಳಿವೆ, ಉಳಲು ಸ್ವಂತ ಹೊಲವಿಲ್ಲ. ಹೊಲ ಯಾಕಿಲ್ಲವೆಂಬುದೇ ಕಾದಂಬರಿ. ಪ್ರಾಣಿಯ ಮೇಲಿನ ಅಕ್ಕರೆಯ ಹಿಂದೆ ಜಾತಿ, ಭೂಮಿ, ಸಾಲ ನಿಂತಿರುತ್ತವೆ ಎಂಬುದನ್ನು ಕನ್ನಡದ ಓದುಗ ಹೊಸದಾಗಿ ಕಲಿಯಬೇಕಿಲ್ಲ.

ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯ ವಿಷಯದಲ್ಲಿ ಮಾತ್ರ ನನಗೊಂದು ಅಂಜಿಕೆ. ಹಿಮಾಲಯ ದಾಟಿ ಚಳಿಗಾಲಕ್ಕೆ ಬರುವ ಪಟ್ಟೆತಲೆ ಹೆಬ್ಬಾತುಗಳ ಈ ಕೆರೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸಾರ್ ಪಟ್ಟಿ ಸೇರಿತು. ಇನ್ನು ಮುಂದೆ ಪಕ್ಷಿಪ್ರೇಮದ ಪ್ರಬಂಧಗಳು ಸಾಲುಗಟ್ಟಿ ಬರುತ್ತವೆ. ಬರಲಿ, ಆದರೆ ಆ ಹಕ್ಕಿಗಳು ಮೇಯುವುದು ಸುತ್ತಲಿನ ರೈತರ ಹೊಲದಲ್ಲಿ ಎಂಬ ಸಾಲನ್ನು ಎಷ್ಟು ಜನ ಬರೆದಾರು?

ಇನ್ನು ನಮ್ಮದೇ ವ್ಯವಸ್ಥೆ. ಗದಗಿನಲ್ಲೇ ಬೀದರಿನ ಪಶು ವೈದ್ಯಕೀಯ ವಿಶ್ವವಿದ್ಯಾಲಯದ ಕಾಲೇಜಿದೆ. ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ ಪದವಿ. ಕೃಷಿಕರ ಕೋಟಾದಲ್ಲಿ ಅಲ್ಲಿಗೆ ಹೋಗುವ ರೈತರ ಮಕ್ಕಳಿಗೆ ಪ್ರಾಯೋಗಿಕ ಪರೀಕ್ಷೆಯಿದೆ. ಎದುರಿಗಿಟ್ಟದ್ದನ್ನು ಗುರುತಿಸು, ಹೆಸರು ಹೇಳು. ನಿನ್ನ ಎಮ್ಮೆ ನಿನಗೆ ಏನು ಕಲಿಸಿತು ಎಂಬ ಪ್ರಶ್ನೆ ಅಲ್ಲಿಲ್ಲ. ಕೊಟ್ಟಿಗೆ ಕಂಡವನೋ ಅಲ್ಲವೋ ಎಂಬುದಷ್ಟೇ ಮುಖ್ಯ. 650 ಪದಗಳ ಆತ್ಮಸ್ತುತಿಗಿಂತ ಇದು ಪ್ರಾಮಾಣಿಕ ಎಂದು ಹೇಳಲು ನನಗೆ ಸಂಕೋಚವಿಲ್ಲ. ಕೊರತೆಯೂ ಇದೆ. ಗುರುತಿಸುವುದನ್ನು ಬಾಯಿಪಾಠ ಮಾಡಬಹುದು, ಅದಕ್ಕೂ ಗೈಡು, ಕೋಚಿಂಗ್ ಹುಟ್ಟಿವೆ. ಕರು ಸತ್ತ ರಾತ್ರಿ ಎಮ್ಮೆಯ ಹತ್ತಿರ ಕೂತವಳು ಯಾರೆಂದು ಆ ಪರೀಕ್ಷೆಗೆ ತಿಳಿಯುವುದಿಲ್ಲ. ಪ್ರಬಂಧಕ್ಕೆ ತಿಳಿಯಬಹುದಿತ್ತು. ಅದಕ್ಕೇ ಪ್ರಬಂಧ ಬೇಡವೆನ್ನಲು ನನಗೆ ಮನಸ್ಸಾಗುವುದಿಲ್ಲ.

ಹಾಗಾದರೆ ಬರೆಯುವವರಿಗೆ ಹೇಳಬೇಕಾದ್ದು ಎರಡೇ. ಮೊದಲ ಕರಡು ಗದಗಿನ ಕನ್ನಡದಲ್ಲಿರಲಿ, ಅವ್ವನಿಗೆ ಓದಿ ಹೇಳುವಂತಿರಲಿ. ಎಮ್ಮೆಯ ವಿಷಯದಲ್ಲಿ ಸುಳ್ಳಿದ್ದರೆ ಅವಳು ಅಲ್ಲೇ ಹಿಡಿಯುತ್ತಾಳೆ. ಇಂಗ್ಲಿಷು ಆಮೇಲೆ ಬರಲಿ. ಎರಡನೆಯದು, ‘ಇದರಿಂದ ನಾನು ಕಲಿತದ್ದು’ ಎಂದು ಶುರುವಾಗುವ ಪ್ಯಾರಾವನ್ನು ಪೂರ್ತಿ ಹೊಡೆದು ಹಾಕಿ. ಉಳಿತಾಯವಾದ ನೂರು ಪದಗಳಲ್ಲಿ ಆ ವರ್ಷ ಮೇವಿನ ರೇಟು ಎಷ್ಟಿತ್ತು, ಹಾಲನ್ನು ಯಾರ ಮನೆಗೆ ಹಾಕುತ್ತಿದ್ದಿರಿ, ಯಾರು ದುಡ್ಡು ಬಾಕಿ ಉಳಿಸಿಕೊಂಡರು ಎಂಬುದನ್ನು ಬರೆಯಬಹುದು.